ಅಂಚೆಯಕ್ಕನ ತಿಪ್ಪೆ

ಕೃತಕ ಕಾಲು ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅಂಚೆಯಕ್ಕ ಎಂದೇ ಕರೆಯುತ್ತಿದ್ದರು. ರೋಗಿಗಳ ವಿಷಯ ಹೊರಗಿನವರ ಕೈಗೆ ಹೋಗಬಾರದು ಎಂದು ಯಜಮಾನರು ಹಟ ಹಿಡಿದು ಇಮೇಲ್‌ಗೆ ಸ್ವಂತ ಸರ್ವರ್ ಹಾಕಿಸಿದ್ದರು. ಹಾಕಿಸಿದ್ದೆಲ್ಲಿ? ಶೌಚಾಲಯದ ಗೋಡೆಗೆ ಅಂಟಿಕೊಂಡ ಗೂಡಿನಂಥ ಕೋಣೆಯಲ್ಲಿ, ನೆಲ ಒರೆಸುವ ಬಟ್ಟೆ ಮತ್ತು ಫಿನಾಯಿಲ್ ಡಬ್ಬಗಳ ಪಕ್ಕ. ಅದನ್ನು ನೋಡಿಕೊಳ್ಳಲು ಅಂಚೆಯಕ್ಕ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಅಲ್ಲೇ ಕೂರಬೇಕು.

ಬೆಳಗ್ಗೆ ಬಂದ ಕೂಡಲೇ ಅವಳ ಮೊದಲ ಕೆಲಸ ತಿಪ್ಪೆ ಕೆದಕುವುದು. ಸ್ಪ್ಯಾಮ್, ಅಂದರೆ ಬೇಡದ ಇಮೇಲ್‌ಗಳು, ಬಂದು ಬೀಳುವ ಪೆಟ್ಟಿಗೆಗೆ ಅವಳೇ ಇಟ್ಟ ಹೆಸರು ಅದು. ಆಮೇಲೆ ಯಜಮಾನರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರ ಬಾಯಲ್ಲೂ ಅದೇ ನಿಂತಿತು. ರೋಗಿಯೊಬ್ಬರ ಇಮೇಲ್ ಕಾಗದ ತಪ್ಪಿ ಅದರಲ್ಲಿ ಬಿದ್ದಿದ್ದರೆ ಎಂದು ಪ್ರತಿಯೊಂದನ್ನೂ ನೋಡಬೇಕು. ಗಂಡಸುತನ ಹೆಚ್ಚಿಸುವ ಗುಳಿಗೆ, ಗೆಲ್ಲದ ಲಾಟರಿ, ಮೈಮೇಲೆ ಬಟ್ಟೆಯಿಲ್ಲದ ಯಾರದೋ ಮನೆಯ ಹೆಣ್ಣುಮಕ್ಕಳು. ಥೂ! ಸಂಜೆ ಮನೆಗೆ ಬಂದರೆ ಗಂಡ ಬಾಗಿಲಲ್ಲೇ ತಮಾಷೆ ಮಾಡುತ್ತಿದ್ದ: "ತಿಪ್ಪೆ ಕೆದಕಿ ಬಂದ್ಯಾ? ಮೊದಲು ಕೈ ತೊಳ್ಕೊ." ಮುಟ್ಟಿದ್ದು ಬರೀ ಕೀಲಿಮಣೆಯಾದರೂ ಅವಳು ನಿಜವಾಗಿಯೂ ತೊಳೆದುಕೊಳ್ಳುತ್ತಿದ್ದಳು.

ಇಷ್ಟಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಯಜಮಾನರ ಅಳಿಯನ ಪುಡಿ. ಮಾವನ ಕಾರ್ಖಾನೆಯಲ್ಲಿ ವ್ಯವಸ್ಥಾಪಕನ ಕುರ್ಚಿ ಬಿಸಿ ಮಾಡುತ್ತ ಆ ಮಹಾಶಯ ಬೊಜ್ಜು ಕರಗಿಸುವ ಪುಡಿಯೊಂದರ ವ್ಯಾಪಾರ ಶುರುಮಾಡಿದ್ದ. ಎಲ್ಲಿಂದಲೋ ವಿಳಾಸಗಳನ್ನು ರಾಶಿ ರಾಶಿ ಕೊಂಡು ತಂದು, ಇದೇ ಸರ್ವರ್‌ನಿಂದ ಊರಿಗೆಲ್ಲ ಪುಡಿಯ ಜಾಹೀರಾತು ಎರಚಿದ. ಕಾಲಿಲ್ಲದವರಿಗೆ ಕಾಲು ಕೊಡುವ ಸಂಸ್ಥೆಯ ಹೆಸರು ಹೊತ್ತು ಹೊಟ್ಟೆಯ ಚಿತ್ರಗಳು ಮನೆಮನೆ ಹೊಕ್ಕವು. ಜನ ಉಗಿದರು. ಸ್ಪ್ಯಾಮ್ ಕಳಿಸುವವರ ಕಪ್ಪುಪಟ್ಟಿಗೆ ಇವರ ಸರ್ವರ್ ಸೇರಿತು, ಎಲ್ಲ ಕಡೆಯಿಂದ ಕಾಗದಗಳು ವಾಪಸ್ ಬರತೊಡಗಿದವು.

ಪಟ್ಟಿಯಿಂದ ಹೆಸರು ತೆಗೆಸಲು ಅಂತರ್ಜಾಲದಲ್ಲಿ ಒಂದು ಅರ್ಜಿ ಇದೆ. "ತೊಂದರೆಯ ಕಾರಣವನ್ನು ನಿವಾರಿಸಿದ್ದೇವೆ" ಎಂಬ ಸಾಲಿನ ಕೆಳಗೆ ಗುಂಡಿ ಒತ್ತಬೇಕು. ಅಂಚೆಯಕ್ಕ ಯಜಮಾನರ ಬಳಿ ಹೋದಳು.

"ಸಾರ್, ಪುಡಿ ನಿಲ್ಲಿಸದೆ ನಾನು ಇದನ್ನ ಹೇಗೆ ಒತ್ತಲಿ?"

"ಮನೆ ಅಳಿಯ ಕಣಮ್ಮ, ಮುಖಕ್ಕೆ ಹೊಡೆದ ಹಾಗೆ ಹೇಳೋಕಾಗುತ್ತಾ? ನೀನು ಒತ್ತಿಬಿಡು. ನಾನು ಮೆಲ್ಲಗೆ ಹೇಳ್ತೀನಿ."

ಅವಳು ಒತ್ತಿದಳು. ಅಳಿಯ ಕೆಲವು ದಿನ ತೆಪ್ಪಗಿದ್ದು ಮತ್ತೆ ಶುರುಮಾಡಿದ. ಅವಳು ಮತ್ತೆ ಒತ್ತಿದಳು. ಎರಡು ಸಲವೂ ಶುದ್ಧ ಸುಳ್ಳು, ಎರಡು ಸಲವೂ ಅವಳದೇ ಬೆರಳು.

ಎರಡನೆಯ ಸಲದ ನಂತರ ಒಂದು ಕಾಗದವೂ ವಾಪಸ್ ಬರಲಿಲ್ಲ. ಯಜಮಾನರು ಪಕ್ಕದ ಕೋಣೆಯ ಅಳಿಯನಿಗೊಂದು ಕಾಗದ ಕಳಿಸಿ, ಅದು ತಲುಪಿದ್ದು ನೋಡಿ, "ನೋಡು, ಎಷ್ಟು ಚೆನ್ನಾಗಿ ಹೋಗ್ತಿದೆ!" ಎಂದು ಹಿಗ್ಗಿದರು. ಇವರಿಂದ ಇವರಿಗೇ ಹೋಗುವ ಕಾಗದ ಸರ್ವರ್‌ನ ಹೊಸ್ತಿಲು ದಾಟುವುದೇ ಇಲ್ಲ ಎಂದು ಎಷ್ಟು ಸಲ ಹೇಳಿದರೂ ಅವರ ತಲೆಗೆ ಹೋಗಿರಲಿಲ್ಲ. ಆದರೆ ಈ ಸಲ ಅಂಚೆಯಕ್ಕನೂ ಮೋಸಹೋದಳು. ಹೊರಗೆ ಹೋದ ಪ್ರತಿ ಕಾಗದಕ್ಕೂ ಆಚೆಯ ಸರ್ವರ್ "ಸರಿ" ಎಂದು ಉತ್ತರಿಸಿದ್ದು ದಾಖಲಾಗಿತ್ತು. ಕೊಟ್ಟದ್ದನ್ನು "ಸರಿ ಸರಿ" ಎಂದು ತೆಗೆದುಕೊಂಡು ಬೆನ್ನು ತಿರುಗಿಸಿದೊಡನೆ ಅಟ್ಟಕ್ಕೆಸೆಯುವ ಅತ್ತೆಯಂದಿರು ಅವಳಿಗೆ ಗೊತ್ತಿದ್ದರು. ಸರ್ವರ್‌ಗಳೂ ಹಾಗೇ ಮಾಡುತ್ತವೆ ಎಂಬುದೂ ಗೊತ್ತಿತ್ತು. ಆದರೆ ಸಾಕಾಗಿಹೋಗಿತ್ತು, ನಂಬಿಬಿಟ್ಟಳು.

ಆದ್ದರಿಂದಲೇ ಸ್ವಾಗತದ ಮೇಜಿನ ಹುಡುಗಿ ಬಂದು, "ಅಕ್ಕ, ಆ ಟೈಲರಮ್ಮನ ಕಾಲು ರೆಡಿಯಾಗಿ ನಿಂತಿದೆ, ಎಷ್ಟು ಬರೆದರೂ ಬರ್ತಿಲ್ಲ, ಫೋನ್ ನಂಬರೂ ಬದಲಾಗಿದೆ" ಎಂದಾಗ, ಅಂಚೆಯಕ್ಕ ದಾಖಲೆ ನೋಡಿ, "ನಮ್ಮ ಕಾಗದ ಹೋಗಿದೆ ಬಿಡು" ಎಂದುಬಿಟ್ಟಳು.

ಟೈಲರಮ್ಮ ಒಂದು ಮಧ್ಯಾಹ್ನ ತಾನೇ ಬಂದಳು, ಅಣ್ಣನ ಹೆಗಲು ಹಿಡಿದು ಕುಂಟುತ್ತ. ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಹೊಲಿಗೆಯಂತ್ರ ತುಳಿಯಲು ಬಳಸುತ್ತಿದ್ದ ಹಳೆಯ ಕೃತಕ ಕಾಲಿನಲ್ಲಿ ಮೊಂಡುಗಾಲು ಕೂರುವ ಬಟ್ಟಲು ಬಿರುಕು ಬಿಟ್ಟಿತ್ತು. "ನೀವು ಉತ್ತರಾನೇ ಕೊಡಲಿಲ್ಲ. ಇನ್ನೂ ನನ್ನ ಸರದಿ ಬಂದಿಲ್ಲ ಅಂದ್ಕೊಂಡೆ," ಎಂದಳು. ಬಿರುಕಿನ ಅಂಚು ಉಜ್ಜಿ ಉಜ್ಜಿ ಮೊಂಡುಗಾಲು ಕೀತುಹೋಗಿತ್ತು. ಸುತ್ತಿದ ಬಟ್ಟೆ ಅದಕ್ಕೆ ಅಂಟಿಕೊಂಡಿತ್ತು. ಅಂಚೆಯಕ್ಕ ನೆಲದ ಮೇಲೆ ಕೂತು ನೀರು ಹನಿಸುತ್ತ ಬಿಚ್ಚಿಕೊಟ್ಟಳು. ಕಾಲು ಜೋಡಿಸುವ ಕೋಣೆಯೆಲ್ಲ ನಾತ.

ಯಜಮಾನರ ಜೊತೆ ನೋಡಲು ಬಂದಿದ್ದ ಅಳಿಯ ಮೂಗು ಮುಚ್ಚಿಕೊಂಡು ಹಿಂದೆ ಸರಿದ. "ಯಾರಾದ್ರೂ ಕಿಟಕಿ ತೆಗೀರಪ್ಪ, ಏನು ವಾಸನೆ!"

"ನಿಮ್ಮ ಪುಡಿದೇ ಸಾರ್ ಆ ವಾಸನೆ," ಎಂದಳು ಅಂಚೆಯಕ್ಕ.

ಯಜಮಾನರು, "ಏನಮ್ಮ ಮಾತು! ಕಾಗದ ಹೋಗ್ತಾನೇ ಇದೆಯಲ್ಲ?" ಎಂದು ರೇಗಿದರು. ಅವಳು ಟೈಲರಮ್ಮನ ಫೋನ್ ಕೇಳಿ ತೆಗೆದುಕೊಂಡು, ಅದರ ತಿಪ್ಪೆ ತೆರೆದು ಅವರ ಮುಂದೆ ಹಿಡಿದಳು. ಗುಳಿಗೆಯ ಜಾಹೀರಾತಿಗೂ ಬೆತ್ತಲೆ ಚಿತ್ರಕ್ಕೂ ನಡುವೆ ಕಾರ್ಖಾನೆಯ ಕಾಗದಗಳು ಒಂದಾದ ಮೇಲೊಂದು ಬಿದ್ದಿದ್ದವು: "ನಿಮ್ಮ ಕಾಲು ಸಿದ್ಧವಾಗಿದೆ, ದಯವಿಟ್ಟು ಬನ್ನಿ."

ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಕಾಲು ಜೋಡಿಸುವ ಹಿರಿಯ ಕೆಲಸಗಾರ ಗಾಯ ನೋಡಿ ತಲೆಯಾಡಿಸಿದ. "ಇದು ಮಾಯೋವರೆಗೂ ಏನೂ ಹಾಕೋ ಹಾಗಿಲ್ಲಮ್ಮ, ಇವತ್ತೇ ಆಸ್ಪತ್ರೆಗೆ ಹೋಗಿ. ಮಾಯೋ ಹೊತ್ತಿಗೆ ಕಾಲಿನ ಆಕಾರ ಬದಲಾಗಿರುತ್ತೆ. ಮತ್ತೆ ಅಳತೆ ತಗೊಂಡು ಹೊಸದೇ ಮಾಡಬೇಕು."

"ಹಾಗಾದ್ರೆ ಇದು?" ಟೈಲರಮ್ಮ ಮೂಲೆಯಲ್ಲಿ ನಿಂತಿದ್ದ, ತನ್ನ ಹೆಸರಿನ ಚೀಟಿ ಅಂಟಿಸಿದ್ದ ಕಾಲನ್ನು ತೋರಿಸಿದಳು.

ಅವಳು ಹೋದ ಮೇಲೆ ಅಂಚೆಯಕ್ಕ ಯಾರನ್ನೂ ಕೇಳದೆ ಅಳಿಯನ ಕಾಗದ ಸರ್ವರ್‌ನಿಂದ ಹೊರಗೆ ಕಾಲಿಡದಂತೆ ಕಟ್ಟಿಹಾಕಿದಳು. ಇನ್ನು ಅವನು ಒಳಗೊಳಗೇ ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ಆಮೇಲೆ ಅದೇ ಅರ್ಜಿ ತೆರೆದು, ಅದೇ ಸಾಲು ಓದಿ, ಗುಂಡಿ ಒತ್ತಿದಳು. ಸಂಜೆಯೊಳಗೆ ಅಳಿಯ ಮಾವನಿಗೆ ಪುಡಿಯ ಜಾಹೀರಾತು ಕಳಿಸಿ ಪರೀಕ್ಷಿಸಿದ. ತಲುಪಿತು. "ಎಲ್ಲ ಸರಿಯಾಗಿದೆಯಲ್ಲ!" ಎಂದು ಅವನು ಸಮಾಧಾನದಿಂದ ಹೇಳುತ್ತಿದ್ದುದು ಗೋಡೆಯಾಚೆಯಿಂದ ಅವಳಿಗೆ ಕೇಳಿಸಿತು. ಇಡಲು ಬೇರೆ ಜಾಗವಿಲ್ಲವೆಂದು ಯಾರೋ ಆ ಕಾಲನ್ನು ತಂದು ಅವಳ ಕೋಣೆಯಲ್ಲೇ, ಫಿನಾಯಿಲ್ ಡಬ್ಬದ ಪಕ್ಕ ನಿಲ್ಲಿಸಿ ಹೋದರು.

ಮನೆಯಲ್ಲಿ ಗಂಡ ಎಂದಿನಂತೆ ತಮಾಷೆ ಮಾಡಿದ. ಅವಳು ನಗದೆ ಬಚ್ಚಲಿಗೆ ಹೋದಳು. ಕೀವು ಅಂಟಿದ ಬಟ್ಟೆ ಬಿಚ್ಚಿದ ಕೈಯ ಬಗ್ಗೆ ಅವಳಿಗೆ ಒಂದಿಷ್ಟೂ ಅಸಹ್ಯವಿರಲಿಲ್ಲ. ಎರಡು ಸಲ ಸುಳ್ಳಿಗೆ ಗುಂಡಿ ಒತ್ತಿದ ಆ ಒಂದು ಬೆರಳಿಗೆ ಮಾತ್ರ ಸೋಪು ಹಾಕಿ ಉಜ್ಜಿದಳು, ತೊಳೆದಳು, ಮತ್ತೆ ಹಾಕಿದಳು.

"ಆಯ್ತೇನೇ?" ಎಂದು ಗಂಡ ಹೊರಗಿನಿಂದ ಕೂಗಿದ.

"ಇನ್ನೂ ಇಲ್ಲ," ಎಂದಳು.