ಲಾರೆನ್ಸ್ ಮಾಮನ ಹೆಸರು

ಒದ್ದೆ ಹಗ್ಗ ಮತ್ತು ಡೀಸೆಲ್ ಬೆರೆತ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಲಾರೆನ್ಸ್ ಮಾಮ ಬಾಗಿಲು ತಟ್ಟಿದ ಹಾಗಾಗುತ್ತದೆ. ಈ ಸಲದ ಈದ್ ರಜೆಗೆ ಗೆಳತಿಯರಾದ ನಜೀಮಾ, ಶೋಭಾ ಜೊತೆ ಅಬುಧಾಬಿಯ ಕಡಲತೀರಕ್ಕೆ ಹೋಗಿದ್ದೆ. ಚಾಪೆ ಹಾಸಿ ಬಿರಿಯಾನಿಯ ಡಬ್ಬ ಬಿಚ್ಚುವಷ್ಟರಲ್ಲಿ ಹತ್ತಿರದ, ದೋಣಿ ಕಟ್ಟುವ ಧಕ್ಕೆಯಿಂದ ಅದೇ ವಾಸನೆ ಬಂತು. ಶೋಭಾ ಎಷ್ಟು ಗೇಲಿ ಮಾಡಿದರೂ ನನ್ನ ಪಾಲನ್ನು ಡಬ್ಬದಲ್ಲೇ ಬಿಟ್ಟೆ.

ನಾನೂ ನಜೀಮಾಳೂ ಬೆಳೆದದ್ದು ದುಬೈಯಲ್ಲಿ, ಅಲ್ ಮುರಕ್ಕಬಾತಿನ ಒಂದೇ ಫ್ಲ್ಯಾಟಿನಲ್ಲಿ. ಒಂದು ಕೋಣೆ ನಮ್ಮದು, ಇನ್ನೊಂದು ಉಳ್ಳಾಲದಿಂದ ಬಂದ ಅವಳ ಮನೆಯವರದು, ಅಡುಗೆಮನೆ ಎಲ್ಲರದು. ಆ ಕಟ್ಟಡ ಈಗಿಲ್ಲ. ಸಂಜೆ ಮಸೀದಿಯ ಬಾಂಗ್ ಮುಗಿಯುವವರೆಗೆ ಅಮ್ಮ ಮೇಣದಬತ್ತಿ ಹಿಡಿದು ಕಾಯುತ್ತಿದ್ದಳು. ಆಮೇಲೆ ಅತ್ತ ನಜೀಮಾಳ ಉಮ್ಮ ನಮಾಜಿಗೆ ನಿಂತರೆ, ಇತ್ತ ನಾವು ತೇರ್ಸಿಗೆ ಮೊಣಕಾಲೂರುತ್ತಿದ್ದೆವು. ಜಪಮಾಲೆಯ ಆ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಮನೆಯಲ್ಲಿ ಪ್ರಯಾಣದಲ್ಲಿರುವವರಿಗಾಗಿ ಒಂದು ಜಪ, ಕೊನೆಗೆ ತೀರಿಹೋದವರ ಆತ್ಮಗಳಿಗಾಗಿ ಇನ್ನೊಂದು. ಅಜ್ಜ ಅಜ್ಜಿಯರ ಹೆಸರು ಆತ್ಮಗಳ ಜಪದಲ್ಲಿ ಬರುತ್ತಿತ್ತು. ಅಮ್ಮನ ತಮ್ಮ ಲಾರೆನ್ಸ್ ಮಾಮನ ಹೆಸರು ಮಾತ್ರ ಕೊನೆಯವರೆಗೂ ಪ್ರಯಾಣದಲ್ಲಿರುವವರ ಜೊತೆಗೇ ಉಳಿಯಿತು.

ಮಾಮ ಕಡಲ ನಡುವಿನ ಎಣ್ಣೆಬಾವಿಗಳಿಗೆ ಸಾಮಾನು ಒಯ್ಯುವ ಬೋಟಿನಲ್ಲಿ ಕೆಲಸಕ್ಕಿದ್ದ. ರಜೆ ಸಿಕ್ಕಾಗ ಬಂದವನೇ, ಸ್ನಾನಕ್ಕೂ ಮೊದಲು, ನನ್ನನ್ನೂ ನಜೀಮಾಳನ್ನೂ ಎರಡು ಹೆಗಲಿಗೆ ಏರಿಸಿಕೊಂಡು ಕುಣಿಯುತ್ತಿದ್ದ. ಒಂದು ಬಿರುಗಾಳಿಗೆ ಬೋಟು ಮಗುಚಿತು. ಬೋಟು ಸಿಕ್ಕಿತು, ಮಾಮ ಸಿಗಲಿಲ್ಲ. ಅವನ ಆತ್ಮಕ್ಕಾಗಿ ಊರಿನ ಚರ್ಚಿನಲ್ಲಿ ಪೂಜೆ ಕೊಡಿಸೋಣ ಎಂದು ಪಪ್ಪ ಹೇಳಿದಾಗ ಅಮ್ಮ, "ಕಂಡವರು ಯಾರಾದ್ರೂ ಉಂಟಾ? ಸತ್ತವರ ಸಾಲಿಗೆ ಹಾಕಿದ್ರೆ ನಾನೇ ಮುಳುಗಿಸಿದ ಹಾಗೆ" ಅಂದಳು. ಅಂದಿನಿಂದ ದಿನಾ ಆ ಹೆಸರು ಬಂದಾಗ ನಾನು ಬಾಗಿಲು ನೋಡುತ್ತಿದ್ದೆ. ಅವನು ಬರಲಿ ಎಂಬ ಆಸೆಗಿಂತ, ನೀರು ತೊಟ್ಟಿಕ್ಕಿಸುತ್ತಾ ಬಂದುಬಿಟ್ಟರೆ ಎಂಬ ಹೆದರಿಕೆಯೇ ಹೆಚ್ಚಾಗಿತ್ತು. ನಿಮ್ಮ ಮನೆಯಲ್ಲೂ ಹಾಗೆ ಬಾರದೆ ಉಳಿದವರಿದ್ದರೆ ಈ ಹೆದರಿಕೆ ನಿಮಗೆ ಅರ್ಥವಾದೀತು.

ಅಮ್ಮ ತೀರಿಹೋದ ಮೇಲೆ ನಾನು ತೇರ್ಸ್ ಬಿಟ್ಟೆ. ದುಃಖಕ್ಕೆ ಬಿಟ್ಟಳು ಅಂದರು, ದುಬೈಯ ಗಾಳಿ ಹಿಡಿಯಿತು ಅಂದರು. ಜಪಕ್ಕೆ ಕೂತರೆ ಮಾಮನ ಹೆಸರನ್ನು ಎಲ್ಲಿ ಹೇಳಬೇಕೆಂದು ನಾನೇ ತೀರ್ಮಾನಿಸಬೇಕಾಗಿತ್ತು, ಅದು ನನ್ನಿಂದಾಗಲಿಲ್ಲ. ಆಮೇಲೆ ನನ್ನದು ಕ್ರಿಸ್‌ಮಸ್ಸಿಗೆ ಮಾತ್ರ ನೆನಪಾಗುವ ದೇವರು.

ಹೊತ್ತು ಮುಳುಗಿ ಬಾಂಗ್ ಕೇಳಿತು. ಶೋಭಾ ನೀರಿಗಿಳಿದಿದ್ದಳು. ನಜೀಮಾ ಮರಳಿನ ಮೇಲೆಯೇ ನಮಾಜ್ ಮುಗಿಸಿ ಬಂದು ನನ್ನ ಪಕ್ಕ ಕೂತಳು.

"ಆಂಟಿ ದಿನಾ ಲಾರೆನ್ಸ್ ಮಾಮನ ಹೆಸರು ಹೇಳ್ತಿದ್ರಲ್ಲ, ಈಗ ಯಾರು ಹೇಳೋದು?"

"ಯಾರೂ ಇಲ್ಲ ಮಾರಾಯ್ತಿ."

"ಮತ್ತೆ ಅವ್ರು ಎಲ್ಲಿಗೆ ಹೋಗ್ಬೇಕು, ಪಾಪ?"

ನನ್ನ ಬಳಿ ಜಪಮಾಲೆ ಇರಲಿಲ್ಲ. ಬೆರಳು ಮಡಚುತ್ತಾ ಮೆಲ್ಲಗೆ ತೇರ್ಸ್ ಶುರುಮಾಡಿದೆ, ಮರೆತಿರಲಿಲ್ಲ. ಪ್ರಯಾಣದಲ್ಲಿರುವವರ ಜಪ ಬಂದಾಗ ಯಾರ ಹೆಸರನ್ನೂ ಹೇಳದೆ ದಾಟಿದೆ. ಆತ್ಮಗಳ ಜಪದಲ್ಲಿ ಮೊದಲ ಸಲ ಅಮ್ಮನ ಹೆಸರು ಹೇಳಿದೆ. ಅದರ ಹಿಂದೆಯೇ ಮಾಮನದು. ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗಾಯಿತು, ತಿರುಗಿ ನೋಡಲಿಲ್ಲ. ಅಮ್ಮನ ನಂತರ ಈ ಲೋಕದಲ್ಲಿ ಅವನಿಗಾಗಿ ಕಾಯಲು ಉಳಿದವಳು ನಾನೊಬ್ಬಳೇ. ಆ ಸಂಜೆ ನಾನೂ ಕಾಯುವುದನ್ನು ಬಿಟ್ಟೆ.