ಡ್ರೈವರ್ ಎಲೆಯ ಮೇಲಿನ ರಸಾಯನ

ನಡುಮನೆಯಲ್ಲಿ ಕೂತು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಮಟಮಟ ಮಧ್ಯಾಹ್ನ. ಬಸ್ಸಿನಲ್ಲಿರಬೇಕಾದ ನಮ್ಮ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಎಡಗಾಲಿನ ಹೆಬ್ಬೆರಳಿಗೆ ಬಿಳಿ ಬಟ್ಟೆ ಸುತ್ತಿತ್ತು.

"ಆಸ್ಪತ್ರೆಗೆ ಓಗಿದ್ದೆ. ಸಕ್ಕರೆ ಕಾಯ್ಲೆಯಂತೆ ಕಣಮ್ಮಿ," ಅಂದರು.

ಇದು ಐವತ್ತರ ದಶಕದ ನಡುಭಾಗದ ಮಾತು. ಚಾಮರಾಜನಗರದಲ್ಲಿ ನಮ್ಮದು ಬಾಡಿಗೆ ಮನೆ. ಯಜಮಾನರು ನಂಜಪ್ಪನವರು ಖಾಸಗಿ ಬಸ್ಸೊಂದರ ಡ್ರೈವರ್. ಬೆಳಿಗ್ಗೆ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗಿ, ಅಲ್ಲಿ ಊಟ ಮಾಡಿ, ಸಂಜೆಗೆ ಹಿಂತಿರುಗುವುದು ಅವರ ಕೆಲಸ. ನನ್ನ ಉದ್ಯೋಗ ಅಡುಗೆಮನೆ. ಉದ್ಯೋಗ ಅಂದೆನೆಂದು ನಗಬೇಡಿ. ರಜೆ, ಬಡ್ತಿ ಇಲ್ಲದಿದ್ದರೂ ಆ ಕೆಲಸದಲ್ಲೂ ಮರೆಯಲಾಗದ ಪ್ರಸಂಗಗಳು ಬರುತ್ತವೆ. ನನ್ನ ಪಾಲಿಗೆ ಬಂದದ್ದು ಇದು.

ಡಾಕ್ಟರು ಹೇಳಿದ್ದು ಸರಳವಾಗಿತ್ತು. ಸಕ್ಕರೆ, ಬೆಲ್ಲ, ಸಿಹಿತಿಂಡಿ ಪೂರ್ತಿ ಬಿಡಬೇಕು. ಅನ್ನ ಕಡಿಮೆ ಮಾಡಿ ಸಣ್ಣ ಮುದ್ದೆ, ಸೊಪ್ಪು, ಕಾಳು ತಿನ್ನಬೇಕು. ಸಕ್ಕರೆ ಇಳಿಯದಿದ್ದರೆ ಬೆರಳಿನ ಹುಣ್ಣು ಒಣಗುವುದಿಲ್ಲ. ಒಣಗದೆ ಕೊಳೆತರೆ ಬೆರಳು ತೆಗೆಯಬೇಕು, ಆಮೇಲೆ ಪಾದದ ಮಾತೂ ಬರಬಹುದು. ಎಡಗಾಲು ಅಂದರೆ ಕ್ಲಚ್ ತುಳಿಯುವ ಕಾಲು. ಹುಣ್ಣು ಇನ್ನೂ ಕಪ್ಪಾಗಿರಲಿಲ್ಲ, ಅದೊಂದು ದೇವರ ದಯೆ ಅಂದುಕೊಂಡೆ.

ಕಾಂಪೌಂಡರು ಒಂದು ಗಾಜಿನ ಕೊಳವೆ, ನೀಲಿ ದ್ರವದ ಬಾಟಲಿ ಕೊಟ್ಟಿದ್ದರು. ಆ ದ್ರವಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಬೇಕು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ವಿಪರೀತ. ಅಡುಗೆ ಒಲೆಯಲ್ಲಿ ಅದನ್ನು ಮಾಡಲು ಮನಸ್ಸು ಒಪ್ಪದೆ, ಹಿತ್ತಲಲ್ಲಿ ನೀರು ಕಾಯಿಸುವ ಒಲೆಯ ಮುಂದೆ ಕೂರುತ್ತಿದ್ದೆ. ಕೊಳವೆ ತೊಳೆದಿಟ್ಟು, ಸ್ನಾನ ಮಾಡಿ, ಆಮೇಲೇ ದೇವರಿಗೆ ದೀಪ ಹಚ್ಚುತ್ತಿದ್ದೆ.

ಮನೆಯ ಊಟ ನನ್ನ ಕೈಯಲ್ಲಿತ್ತು. ತೊಡಕಿದ್ದದ್ದು ಗುಂಡ್ಲುಪೇಟೆಯ ಊಟದಲ್ಲಿ. ಬಸ್ಸು ಯಾವ ಹೋಟೆಲಿನ ಮುಂದೆ ನಿಲ್ಲುತ್ತದೋ ಪ್ರಯಾಣಿಕರು ಅಲ್ಲೇ ನುಗ್ಗುತ್ತಾರೆ. ಅದಕ್ಕೇ ಹೋಟೆಲಿನವರು ಡ್ರೈವರ್, ಕಂಡಕ್ಟರ್‌ಗೆ ಪುಕ್ಕಟೆ ಊಟ ಹಾಕುವುದು ರೂಢಿ. ಅಡುಗೆ ಕೋಣೆಯ ಬಾಗಿಲ ಪಕ್ಕ ಅವರಿಗೇ ಒಂದು ಬೆಂಚು. ಎಲೆಗೆ ಮೊದಲು ಬೀಳುವುದೇ ಸಿಹಿ. ಡ್ರೈವರ್ ಎಲೆ ಬೇಡವೆಂದರೆ, ನಾಳೆಯಿಂದ ಬಸ್ಸು ಎದುರು ಹೋಟೆಲಿನ ಮುಂದೆ ನಿಲ್ಲುತ್ತದೆ ಅಂತಲೇ ಅರ್ಥ.

"ನಾನು ಬುತ್ತಿ ಕಟ್ಕೊಡ್ತೀನಿ, ಕಾಯ್ಲೆ ಅಂತ ಯೋಳ್ಬುಡಿ," ಅಂದೆ.

"ಯೋಳ್ಬುಟ್ರೆ ಅಲ್ಲಿಂದ ಬಸ್ ಮಾಲೀಕ್ರ ಕಿವಿಗೆ ಎಷ್ಟೊತ್ತು? ಸಕ್ಕರೆ ಇರೋನ ಕಣ್ಣು ಮಂಜಾಯ್ತದೆ ಅಂತ ಸ್ಟೇರಿಂಗ್ ಕಿತ್ಕೊಂಬುಡ್ತಾರೆ. ನಾನೊಂದು ದಾರಿ ನೋಡಿವ್ನಿ ಬುಡು."

ದಾರಿ ಏನೆಂದರೆ, ಹೋಟೆಲಿನ ಗೋಪಾಲಶೆಟ್ಟರಿಗೆ ಇವರು ವ್ರತವೆಂದು ಹೇಳಿದರು. ಹಿಮವದ್ ಗೋಪಾಲಸ್ವಾಮಿಗೆ ಹರಕೆ, ಒಂದು ವರ್ಷ ಸಿಹಿತಿಂಡಿ, ಅನ್ನ ಮುಟ್ಟುವ ಹಾಗಿಲ್ಲ ಅಂತ. ದೇವರ ಹೆಸರಲ್ಲಿ ಸುಳ್ಳೇ ಎಂದು ನನಗೆ ಕಸಿವಿಸಿಯಾಯಿತು. ಆದರೆ ಕಾಲು ಉಳಿಸುವ ಸುಳ್ಳನ್ನು ಆ ಸ್ವಾಮಿ ಮನ್ನಿಸಿಯಾನು ಅಂದುಕೊಂಡು ಎರಡು ಬತ್ತಿ ಹೆಚ್ಚಿಗೆ ಹಚ್ಚಿದೆ.

ಮೊದಮೊದಲು ಕೊಳವೆ ಹಸಿರಿಗೆ ಬಂತು. ಆಮೇಲೆ ಹಳದಿಯಾಯಿತು. ಒಂದು ಸೋಮವಾರ ಇಟ್ಟಿಗೆಯ ಹಾಗೆ ಕೆಂಪಗೆ ನಿಂತುಬಿಟ್ಟಿತು. ಹುಣ್ಣಿನ ಅಂಚು ಕಪ್ಪಾಗತೊಡಗಿತ್ತು.

"ಏನ್ ತಿಂತಾ ಇದ್ದೀರಿ?"

"ದೇವರಾಣೆ, ಒಂದು ತುಂಡು ಸಿಹಿ ಮುಟ್ಟಿಲ್ಲ ಕಣಮ್ಮಿ."

ಅವರು ಆಣೆ ಹಾಕಿ ಸುಳ್ಳು ಹೇಳುವವರಲ್ಲ. ಹಾಗಾದರೆ ಕೊಳವೆ ಸುಳ್ಳೇ? ಬಸ್ಸಿನ ಇಂಜಿನ್ನಿಗೆ ನೀರು ತೆಗೆದುಕೊಂಡು ಹೋಗಲು ಬಂದ ಕಂಡಕ್ಟರ್ ಬಾಷಾ ಸಾಹೇಬರನ್ನು ಕೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು.

"ಅಕ್ಕಯ್ಯಾ, ನಮ್ಮ ರೋಜಾದಲ್ಲಿ ಹಗಲೆಲ್ಲ ಉಪವಾಸ. ನಿಮ್ಮ ವ್ರತ ಬಹಳ ಚೆಂದ ನೋಡಿ! ಶೆಟ್ರು ಅಣ್ಣನಿಗೆ ದಿನಾ ರಸಾಯನ ಮಾಡಿಸ್ತಾರೆ. ನನಗೆ ಬರೀ ಸಾರು."

ಮರುದಿನ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ನೆಪ ಹೇಳಿ ಅದೇ ಬಸ್ಸು ಹತ್ತಿದೆ. ಹೋಟೆಲಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಗಂಡಸರ ಗದ್ದಲ, ಕಾಫಿ ವಾಸನೆ. ಸೆರಗು ಎಳೆದುಕೊಂಡು ಮೂಲೆಯಲ್ಲಿ ಕೂತೆ. ಶೆಟ್ಟರು ಗಲ್ಲಾಪೆಟ್ಟಿಗೆ ಬಿಟ್ಟು ತಾವೇ ಎದ್ದುಬಂದರು. ಹಣೆಯಲ್ಲಿ ನಾಮ, ಮುಖದ ತುಂಬ ನಗು.

"ಬನ್ನಿ ತಾಯಿ. ನಿಮ್ಮ ಯಜಮಾನ್ರ ವ್ರತದಿಂದ ನಂಗೂ ಪುಣ್ಯ. ಬೆಟ್ಟದ ಸ್ವಾಮಿ ಹೆಸ್ರಲ್ಲಿ ವ್ರತ ಕೂತೋರನ್ನ ಬರೀ ಸಾರು ಕುಡಿಸಿ ಕಳಿಸಿದ್ರೆ ನನ್ನ ಹೋಟ್ಲು ಉದ್ಧಾರ ಆಯ್ತದಾ?"

ಹಾಗೆಂದು ನಮ್ಮವರ ಎಲೆಗೆ ತಮ್ಮ ಕೈಯಾರೆ ಬಡಿಸಿದರು. ಕಳಿತ ಬಾಳೆಹಣ್ಣು, ಖರ್ಜೂರ, ಮೇಲೆ ಕಾಡಿನ ಜೇನು. ಪಕ್ಕದಲ್ಲಿ ದಪ್ಪಗೆ ಕಾಯಿಸಿದ ಹಾಲು. ಹಣ್ಣು, ಜೇನು, ಹಾಲು ಎಲ್ಲವೂ ದೇವರಿಗೆ ಸಲ್ಲುವ ಪದಾರ್ಥ. ಡಾಕ್ಟರು ಹೇಳಿದ್ದರಲ್ಲಿ ಅವುಗಳ ಹೆಸರಿರಲಿಲ್ಲ. ನಮ್ಮವರ ಲೆಕ್ಕದಲ್ಲಿ ಅವು ಸಕ್ಕರೆಯೇ ಅಲ್ಲ. ಕಣ್ಣಿಗೊತ್ತಿಕೊಂಡು ಬಾಯಿಗೆ ಒಯ್ದರು.

ಅವರ ಎಡಗಾಲು ಬೆಂಚಿನ ಕೆಳಗೆ ಚಾಚಿತ್ತು. ಬಟ್ಟೆಯ ಮೇಲೆ ಕೀವಿನ ಕಲೆ. ಅದನ್ನು ನೋಡಿದ್ದೇ ನಾನು ಎದ್ದು ನಿಂತೆ.

"ಬುಡಿ, ತಿನ್ಬೇಡಿ! ಶೆಟ್ರೆ, ಅದು ವ್ರತ ಅಲ್ಲ, ಕಾಯ್ಲೆ. ಇವ್ರ ಕಾಲು ಕೊಳೀತಾ ಐತೆ."

ಹೋಟೆಲೆಲ್ಲ ತಿರುಗಿ ನೋಡಿತು. ಯಜಮಾನರ ಕೈ ಎಲೆಯ ಮೇಲೆ ಹಾಗೇ ನಿಂತಿತು. ತಲೆ ಎತ್ತಲಿಲ್ಲ. ಶೆಟ್ಟರು ಸೌಟು ಹಿಡಿದುಕೊಂಡೇ ಇದ್ದರು.

"ನಂಜಪ್ಪಾ, ನಂಗೊಂದು ಮಾತು ಕಿವಿಯಲ್ಲಿ ಯೋಳ್ಬಾರ್ದಿತ್ತೇನಪ್ಪಾ?" ಅಂದರು. "ನಿಂಗೆ ಮುದ್ದೆ ಬೇಯಿಸ್ತಿರ್ಲಿಲ್ವಾ? ನಾನ್ಯಾರಿಗೆ ಸಾರ್ತಿದ್ದೆ? ನನ್ನ ಕೈಯಾರೆ ಇಸ ಇಕ್ಕಿಸ್ಬುಟ್ಯಲ್ಲ."

ಅವರ ಕಣ್ಣಲ್ಲಿ ನೀರಿತ್ತು. ಎಲೆ ತಾವೇ ಎತ್ತಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು ಬಂತು. ಕೆಲಸದವರು ತಮಗೆಂದು ಮಾಡಿಕೊಂಡಿದ್ದ ಅಡುಗೆ. ಇಷ್ಟು ದಿನವೂ ಅದು ಆ ಗೋಡೆಯ ಹಿಂದೆಯೇ ಬೇಯುತ್ತಿತ್ತು.

ಬೆಟ್ಟಕ್ಕೆ ನಾನು ಹೋಗಲಿಲ್ಲ. ಅದೇ ಬಸ್ಸಿನಲ್ಲಿ ಹಿಂತಿರುಗಿದೆ. ದಾರಿಯುದ್ದಕ್ಕೂ ನಮ್ಮವರು ಕನ್ನಡಿಯಲ್ಲೂ ನನ್ನ ಕಡೆ ನೋಡಲಿಲ್ಲ. ಹೋಟೆಲಿನಲ್ಲಿ ಊಟ ಮಾಡಿದ್ದವರೇ ಬಸ್ಸಿನ ತುಂಬ ಇದ್ದರಲ್ಲ, ಆ ವಾರ ಕಳೆಯುವುದರೊಳಗೆ ಮಾಲೀಕರಿಗೆ ಸುದ್ದಿ ಮುಟ್ಟಿತು. ಅವರು ಕೆಟ್ಟವರಲ್ಲ. "ಜನರ ಜೀವ ನಂಜಪ್ಪಾ," ಅಂದರಂತೆ. ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಹಾಕಿದರು.

ಬೆರಳು ಉಳಿಯಿತು. ಹುಣ್ಣು ಒಣಗಲು ಚಳಿಗಾಲ ಮುಗಿಯಬೇಕಾಯಿತು, ಆದರೂ ಒಣಗಿತು. ಪಾದ ಉಳಿಯಿತು, ಕೆಲಸ ಅಂತ ಒಂದು ಉಳಿಯಿತು, ಶೆಟ್ಟರ ಸ್ನೇಹವೂ ಉಳಿಯಿತು. ಇಷ್ಟನ್ನೂ ದಿನಾ ದೇವರ ಮುಂದೆ ನೆನೆದು ಕೈ ಮುಗಿಯುತ್ತೇನೆ. ಆದರೆ ಸ್ಟೇರಿಂಗ್ ಹಿಡಿದಾಗ ಅವರ ಮುಖದಲ್ಲಿ ಇರುತ್ತಿದ್ದ ಕಳೆ ಮತ್ತೆ ಬರಲಿಲ್ಲ. ಅವರು ಶೆಟ್ಟರನ್ನು ಮೊದಲ ದಿನವೇ ಪಕ್ಕಕ್ಕೆ ಕರೆದು ಹೇಳಿದ್ದರೆ, ಅಥವಾ ಆ ದಿನ ಹೋಟೆಲು ತುಂಬಿರದಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ.

ಬಡಿಸುವುದೇ ಬದುಕಾದ ನನಗೆ ಆ ಎಲೆ ಕಲಿಸಿದ್ದು ಇಷ್ಟೆ: ಪ್ರೀತಿಯಿಂದ ಬಡಿಸುವವರಿಗೆ ಉಣ್ಣುವವರ ನಿಜ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಎಷ್ಟು ಒಳ್ಳೆಯ ಕೈಯಾದರೂ ಕೆಟ್ಟದ್ದನ್ನೇ ಬಡಿಸುತ್ತದೆ.

ಹುಣ್ಣು ಇನ್ನೂ ಒಣಗಿರದ ಆ ದಿನಗಳಲ್ಲಿ, ಹೊಸ ಡ್ರೈವರ್ ಬಂದ ಮೊದಲ ಬೆಳಿಗ್ಗೆ ನಮ್ಮವರು ಜಗುಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಬೀದಿಯ ತುದಿಯಲ್ಲಿ ಬಸ್ಸು ತಿರುಗುವ ಸದ್ದು ಕೇಳಿತು. ಗೇರು ಕರಕರ ಅಂದಿತು.

"ಕ್ಲಚ್ ಪೂರ್ತಿ ತುಳೀಲಿಲ್ಲ ಕಣಮ್ಮಿ ಅವ್ನು," ಅಂದರು. ಅವರ ಎಡಗಾಲು ಬಟ್ಟೆಯೊಳಗೇ ಮೆಲ್ಲಗೆ ನೆಲ ಒತ್ತಿತು.

ಒಳಗೆ ಎಸರು ಮರಳುತ್ತಿತ್ತು. ಹೋಗಿ ಹಿಟ್ಟು ಹಾಕಿ, ಮುದ್ದೆಕೋಲು ಕೈಗೆತ್ತಿಕೊಂಡೆ.