ಪುಟದ ಕೆಳಗಿನ ಹೆಸರು

ಕೋಲಸಿರ್ಸಿಯ ನಮ್ಮಂಥ ಗದ್ದೆ ಕೆಲಸದವರ ಮನೆಯ ಹುಡುಗಿ ಕಂಪ್ಯೂಟರ್ ಎದುರು ಕುಳಿತು ಸಂಬಳ ತರುವುದು ಆಗದ ಮಾತು ಎಂದವರು ನನ್ನ ದೊಡ್ಡಪ್ಪ. “ನೀ ಡಿಗ್ರಿ ತಂದು ಅಟ್ಟದ ಮೇಲೆ ಇಡ್ತೆ, ಅಷ್ಟೆಯ” ಎಂದಿದ್ದರು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ೨೦೦೫ರಲ್ಲಿ ಸಿದ್ದಾಪುರ ಪೇಟೆಯ ಕಂಪ್ಯೂಟರ್ ಸೆಂಟರ್ ಒಂದರಲ್ಲಿ ವೆಬ್ ಡಿಸೈನರ್ ಆಗಿದ್ದೆ. ಮಕ್ಕಳಿಗೆ ಟೈಪಿಂಗ್ ಕಲಿಸುವುದು, ಸಂಜೆ ಬಾಗಿಲು ಹಾಕುವುದು ಎಲ್ಲವೂ ಆ ಹುದ್ದೆಯಲ್ಲೇ ಸೇರಿತ್ತು.

ಆ ವರ್ಷ ಮಾವಿನ ಮಿಡಿ ಬರುವ ಹೊತ್ತಿಗೆ ಉಪ್ಪಿನಕಾಯಿ ಮಾಡುವವರ ಸಂಘವೊಂದು ತನಗೊಂದು ವೆಬ್‌ಸೈಟ್ ಬೇಕೆಂದಿತು. ನಾನೊಬ್ಬಳೇ ಮಾಡಿದ ಮೊದಲ ಕೆಲಸ ಅದು. ಎಲ್ಲವನ್ನೂ ಬುಡದಿಂದ ಕಟ್ಟುವಷ್ಟು ಸಮಯವಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಟೆಂಪ್ಲೇಟ್ ಎಂದು ಸಿಗುತ್ತದೆ, ಅಂದರೆ ಯಾರೋ ಮೊದಲೇ ಸಿದ್ಧಪಡಿಸಿಟ್ಟ ಪುಟದ ಚೌಕಟ್ಟು. ಅದನ್ನು ಬಳಸಲು ಲೈಸೆನ್ಸ್ ಇರುತ್ತದೆ, ಅಂದರೆ ಮಾಡಿದವನು ಹಾಕಿದ ಷರತ್ತು. ನಾನು ಆರಿಸಿದ ಚೌಕಟ್ಟಿನ ಷರತ್ತು ಹೀಗಿತ್ತು: ಯಾರು ಬೇಕಾದರೂ ಬಳಸಿ, ಬದಲಿಸಿ, ಪುಟದ ಕೆಳಗೆ ನನ್ನ ಹೆಸರು ಇರಲಿ. ಮಾಡಿದವನು ಪರದೇಶದವನು. ಅವನ ಹೆಸರನ್ನು ಇದ್ದ ಹಾಗೇ ಬಿಟ್ಟೆ. ಫೋಟೋಗಳನ್ನು ಮಾತ್ರ ಎಲ್ಲಿಂದಲೂ ಎತ್ತಲಿಲ್ಲ. ಚೌಕಟ್ಟು ಬಿಟ್ಟಿ ಸಿಕ್ಕಿತೆಂದು ಅದರೊಳಗಿನ ಚಿತ್ರಗಳೂ ಬಿಟ್ಟಿಯೇನಲ್ಲ. ಸಂಘದ ಹೆಂಗಸರನ್ನು ಕೇಳಿಯೇ ಅವರ ಭರಣಿಗಳ ಫೋಟೋ ತೆಗೆದೆ.

ವೆಬ್‌ಸೈಟಿನ ಉದ್ಘಾಟನೆ ಹತ್ತಿರ ಬಂದಾಗ ಸಂಘದ ಕಾರ್ಯದರ್ಶಿ ಶ್ರೀಪಾದ ಹೆಗಡೆಯವರು ಶಿರಸಿಯ ಸೈಬರ್ ಕೆಫೆಯಿಂದ ಎರಡು ಪ್ರಿಂಟ್ ತೆಗೆಸಿಕೊಂಡು ಬಂದರು. ಒಂದು ನಾನು ಪರೀಕ್ಷೆಗೆಂದು ಇಂಟರ್ನೆಟ್ಟಿಗೆ ಏರಿಸಿದ್ದ ಪುಟ. ಇನ್ನೊಂದು ಯಲ್ಲಾಪುರದ ಅಂಗಡಿಯೊಂದರದು. ಎರಡೂ ಅವಳಿ ಮಕ್ಕಳ ಹಾಗಿದ್ದವು. ಯಲ್ಲಾಪುರದ್ದರ ಕೆಳಗೆ ಯಾರ ಹೆಸರೂ ಇರಲಿಲ್ಲ.

“ತಂಗಿ, ಇದು ಯಾರ ಮನೇದು?” ಎಂದರು. “ಯಲ್ಲಾಪುರದವ ತನ್ನದು ಅಂತ ಹೇಳ್ತ. ನಿನ್ನದ್ರ ಕೆಳಗೆ ನೋಡಿದ್ರೆ ಮತ್ಯಾರದೋ ಹೆಸ್ರು. ಕದಿಯೂದು ಕದ್ದೆ, ಗುರ್ತಾದ್ರೂ ಅಳಿಸೂದಲ್ವ?”

ಹೆಸರು ಇಟ್ಟವಳು ಕಳ್ಳಿ, ಇಡದವನು ಸಾಚಾ. ನಾನು ಷರತ್ತು ವಿವರಿಸಿದಷ್ಟೂ ಅವರ ಹುಬ್ಬು ಮೇಲೇರಿತು. ಅವರು ಹೋದ ಮೇಲೆ ಸೆಂಟರ್ ಮಾಲೀಕರು, “ಆ ಸಾಲು ತೆಗ್ದುಬಿಡು ಮಾರಾಯ್ತಿ. ಸಂಘ ಕೈಬಿಟ್ರೆ ನೀನೂ ನಾಳೆಯಿಂದ ಬರೂದು ಬೇಡ” ಎಂದರು. ತೆಗೆಯುವುದಿಲ್ಲ ಎಂದೆ. ಅಂದಿನಿಂದ ಅವರು ನನ್ನ ಕುರ್ಚಿಯ ಹಿಂದೆಯೇ ನಿಲ್ಲತೊಡಗಿದರು. ಸೆಂಟರಿನ ಕೀಲಿಕೈ ನನ್ನಿಂದ ಹೋಯಿತು. ನಾನಿಲ್ಲದಾಗ ಅವರೇ ಆ ಸಾಲು ಅಳಿಸಿಯಾರೆಂದು ನಾನು ವೆಬ್‌ಸೈಟಿನ ಪಾಸ್‌ವರ್ಡ್ ಬದಲಿಸಿದೆ. ಚಹಾ ಕುಡಿಯುವಾಗಲೂ ಒಬ್ಬರ ಮುಖ ಒಬ್ಬರು ಅಳೆಯುತ್ತಿದ್ದೆವು.

ಸಂಘದ ಸಭೆಗೆ ನನ್ನನ್ನು ಕರೆಸಿದರು. ಮೂಲ ಚೌಕಟ್ಟನ್ನು ತೆರೆದು ಷರತ್ತನ್ನು ಕನ್ನಡದಲ್ಲಿ ಓದಿ ಹೇಳಿದೆ. ಹೆಗಡೆಯವರು, “ಇಂಗ್ಲಿಷಲ್ಲಿ ಎಂತ ಬರ್ದಿದ್ದೋ, ನೀ ಎಂತ ಓದ್ತ್ಯೋ, ಯಾರಿಗೆ ಗೊತ್ತು” ಎಂದರು. ಕೆಲಸ ಹೋಯಿತು ಅಂದುಕೊಂಡೆ. ಮೇಜಿನ ಮೇಲೆ ಮಾದರಿಗೆಂದು ಅವರೇ ತಂದ ಮಿಡಿ ಉಪ್ಪಿನಕಾಯಿಯ ಭರಣಿ ಇತ್ತು.

“ಹೆಗ್ಡೇರೆ, ಇದು ಯಾವ ಮಿಡಿ?”

“ಸುಬ್ರಾಯನ ಅಪ್ಪೆ.”

“ಮರ ಎಲ್ಲಿತ್ತು?”

“ನಮ್ಮನೆ ಹಿತ್ಲಲ್ಲಿ. ಕಸಿ ಕಟ್ಟಿದ್ದು ನಾನೇಯ.”

“ಹಂಗಾರೆ ಶ್ರೀಪಾದನ ಅಪ್ಪೆ ಅಂತ ಎಂತಕ್ಕೆ ಹೇಳೂದಿಲ್ಲ?”

ಹಿಂದೆ ಕೂತಿದ್ದ ಸಂಘದ ಪಾರ್ವತಕ್ಕ ನಕ್ಕುಬಿಟ್ಟರು. “ಹಂಗೆ ಹೇಳಿದ್ರೆ ಸುಬ್ರಾಯಜ್ಜನ ಮೊಮ್ಮಕ್ಕಳು ಇವ್ರ ಜಗಲಿಗೆ ಬಂದು ಕೂತ್ಕಳ್ತ್ರು.”

ನಮ್ಮ ಕಡೆ ಅಪ್ಪೆಯಂಥ ಒಳ್ಳೆಯ ಮಿಡಿಮಾವಿಗೆ ಮೂಲ ಮರದ ಯಜಮಾನನ ಹೆಸರು. ಕಸಿ ಯಾರ ಹಿತ್ತಲಿಗೆ ಹೋದರೂ ಆ ಹೆಸರು ಜೊತೆಗೇ ಹೋಗುತ್ತದೆ.

“ಹಂಗಾರೆ ಯಲ್ಲಾಪುರದವ ಹೆಸ್ರು ಕಿತ್ತು ಹಾಕಿದ ಹಂಗಾಯ್ತು” ಎಂದರು ಹೆಗಡೆಯವರು.

“ಅದು ನಂಗೆ ಗೊತ್ತಿಲ್ಲ. ದುಡ್ಡು ಕೊಟ್ರೆ ಹೆಸರಿಲ್ದೇ ಬಳಸೂಕೂ ಬಿಡ್ತಾರೆ. ಅವ್ರನ್ನೇ ಕೇಳಿ.”

ಅವರು ಯಲ್ಲಾಪುರದ ಅಂಗಡಿಯವನನ್ನು ಫೋನಿನಲ್ಲಿ ಕೇಳಿದರು. ಆಚೆಯಿಂದ ಉತ್ತರ ಸರಿಯಾಗಿ ಬರಲಿಲ್ಲ. ಫೋನ್ ಇಟ್ಟು ನನಗೆ, “ಕೆಳಗಿನ ಹೆಸ್ರು ಇರ್ಲಿ. ಕಸಿ ಕಟ್ಟಿದವಳದ್ದೂ ಪಕ್ಕದಲ್ಲಿ ಹಾಕು” ಎಂದರು.

ಮುಂದೆ ಎಷ್ಟೋ ಪುಟ ಮಾಡಿದೆ. ಬೇರೆಯವರ ಕೆಲಸದ ಮೇಲೆ ನಮ್ಮ ಕೆಲಸ ಕಟ್ಟುವುದರಲ್ಲಿ ನಾಚಿಕೆಯಿಲ್ಲ. ಬಳಸುವ ಮೊದಲು ಷರತ್ತನ್ನು ಪೂರ್ತಿ ಓದಬೇಕು, ಓದಿದ ಮೇಲೆ ಯಾರು ಹೆದರಿಸಿದರೂ ಅದರಂತೆ ನಡೆಯಬೇಕು. ವೃತ್ತಿ ನನಗೆ ಕಲಿಸಿದ್ದು ಇಷ್ಟು.

ಉದ್ಘಾಟನೆಯ ದಿನ ಹೆಗಡೆಯವರೇ ನನ್ನ ಕೈಗೆ ಪ್ರಶಂಸಾ ಪತ್ರ ಕೊಟ್ಟರು. ದೊಡ್ಡಪ್ಪ ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಅವರಿಗೆ ಕೊಟ್ಟೆ. ನಂಬಿಕೆ ಬಾರದವರಂತೆ ಹಿಂದೆ ಮುಂದೆ ತಿರುಗಿಸಿದರು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಅಂಚಿನಲ್ಲಿದ್ದ ಸಣ್ಣ ಅಕ್ಷರದ ಮೇಲೆ ಬೆರಳು ನಿಂತಿತು.

“ಇದ್ರಲ್ಲೂ ಕೆಳಗೆ ಪ್ರೆಸ್ಸಿನವನ ಹೆಸ್ರು ಹಾಕ್ಯಾರೆ” ಎಂದರು. ಆಮೇಲೆ ಬೆರಳು ಮೇಲೆ ನನ್ನ ಹೆಸರಿಗೆ ಸರಿಯಿತು. “ಇದು ನಮ್ಮನೇದು.”